ನಾಳೆ ಬಾ

ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ನಮ್ಮೂರಿನ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ಈಗ ಮೂವತ್ತು ದಾಟಿದವರಿಗೆ ನೆನಪಿರುತ್ತೆ. ರಾತ್ರಿ ಹೊತ್ತು ಒಂದು ದೆವ್ವ ಬಂದು, ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು ಅನ್ನೋ ಸುದ್ದಿ ಹಳ್ಳಿಯಿಂದ ಬೆಂಗಳೂರಿನವರೆಗೂ ಹಬ್ಬಿತ್ತು. ಬಾಗಿಲ ಮೇಲೆ ‘ನಾಳೆ ಬಾ’ ಅಂತಿದ್ದರೆ ದೆವ್ವ ಅದನ್ನು ಓದಿಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ಓದೋಕೆ ಬರುತ್ತೆ, ಆದರೆ ನಿನ್ನೆ ಓದಿದ್ದು ನೆನಪಿರಲ್ಲ. ಪಾಪದ ದೆವ್ವ.

ನಮ್ಮನೆ ಬಾಗಿಲ ಮೇಲೆ ಬರೆದವನು ನಾನೇ. ನನ್ನ ಅಕ್ಷರ ದುಂಡಗಿದೆ ಅಂತ ಅಮ್ಮ ಆ ಕೆಲಸ ನನಗೆ ಕೊಟ್ಟಿದ್ದಳು. ಆಮೇಲೆ ದೆವ್ವದ ಸುದ್ದಿ ತಣ್ಣಗಾಯ್ತು, ಬಾಗಿಲಿಗೆ ಹೊಸ ಬಣ್ಣ ಬಿತ್ತು. ನಾನು ಮಾತ್ರ ಆ ಎರಡು ಪದ ಬಿಡಲಿಲ್ಲ. ಬಿಇ ಮುಗಿಸಿ, ಬೆಂಗಳೂರಿಗೆ ಬಂದು, ಹನ್ನೆರಡು ವರ್ಷ ಕೋಡ್ ಬರೆದರೂ, ಕಷ್ಟದ್ದು ಏನು ಬಂದು ಬಾಗಿಲು ತಟ್ಟಿದರೂ ನನ್ನ ಉತ್ತರ ಅದೇ. ವ್ಯತ್ಯಾಸ ಏನಪ್ಪಾ ಅಂದರೆ, ಈಗ ಬಾಗಿಲಾಚೆ ನಿಂತು ಕರೆಯೋದು ದೆವ್ವ ಅಲ್ಲ.

ವಿಷಯಕ್ಕೆ ಬರ್ತೀನಿ. ನಮ್ಮೂರು ತಿಪಟೂರು ತಾಲೂಕು. ಮೂರು ಎಕರೆ ತೆಂಗಿನ ತೋಟ, ಸ್ವಲ್ಪ ರಾಗಿ ಹೊಲ. 2016-17ರ ಬರದಲ್ಲಿ ಬೋರ್‌ವೆಲ್ ಕೈಕೊಟ್ಟು ಮೂವತ್ತೆಂಟು ಮರ ಒಣಗಿದವು. ಅಪ್ಪ ಆ ಲೆಕ್ಕವನ್ನು ಯಾವತ್ತೂ ಮರೆತಿಲ್ಲ. ಮರ ಹೋದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ ಕಾಣುತ್ತೆ. 2020ರ ಲಾಕ್‌ಡೌನ್‌ನಲ್ಲಿ ನಾನು ಊರಿಗೆ ಹೋದವನು ಒಂದೂವರೆ ವರ್ಷಕ್ಕೂ ಹೆಚ್ಚು ಅಲ್ಲೇ ಇದ್ದೆ. ಹಗಲು ಲ್ಯಾಪ್‌ಟಾಪ್, ಸಂಜೆ ಅಪ್ಪನ ಜೊತೆ ತೋಟಕ್ಕೆ ನೀರು. ಆಗ ನಾನೇ ಒಂದಿನ ಬಾಯಿಬಿಟ್ಟು ಅಂದಿದ್ದೆ, ‘ಇಲ್ಲೇ ಇದ್ಬಿಡಣ ಅನ್ಸುತ್ತೆ ಅಪ್ಪ’ ಅಂತ. ಹೇಳೋವಾಗ ಸುಳ್ಳೇನಲ್ಲ. ಸಂಜೆ ಗಾಳಿಗೆ, ಕಾಫಿ ಲೋಟ ಕೈಲಿದ್ದಾಗ, ಯಾರಿಗೆ ಹಾಗನ್ನಿಸಲ್ಲ?

2022ರಲ್ಲಿ ಆಫೀಸಿನವರು ವಾಪಸ್ ಕರೆದರು. ಆ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಕೇಳಿದ್ದು ಒಂದೇ ಮಾತು. ‘ನೀನು ತೋಟಕ್ಕೆ ಬರ್ತೀಯೋ ಇಲ್ವೋ ಹೇಳ್ಬಿಡು. ಬರೋದಾದ್ರೆ ಸಸಿ ಹಾಕ್ತೀನಿ. ಇಲ್ಲ ಅಂದ್ರೆ ಪಕ್ಕದ ತೋಟದ ಹುಡುಗ ವಾರಕ್ಕೆ ಕೇಳ್ತಾವ್ನೆ, ಕೊಟ್ಬಿಡ್ತೀನಿ.’ ವಾರಕ್ಕೆ ಅಂದರೆ ದುಡಿಮೆ ಅವನದು, ಬಂದದ್ದರಲ್ಲಿ ಅರ್ಧ ಅವನಿಗೆ ಅರ್ಧ ನಮಗೆ. ಆ ಹುಡುಗ ನನಗಿಂತ ಎಂಟು ವರ್ಷ ಚಿಕ್ಕವನು, ಪಿಯುಸಿಗೆ ಓದು ಬಿಟ್ಟವನು, ಒಳ್ಳೇ ಕೆಲಸಗಾರ. ಅವರ ತೋಟ ಮೂರು ಜನ ಅಣ್ಣತಮ್ಮಂದಿರಿಗೆ ಸಾಲದು. ನಮ್ಮದನ್ನೂ ಸೇರಿಸಿ ಮಾಡಿದರೆ ಅವನ ಬದುಕು ಊರಲ್ಲೇ ನಿಲ್ಲುತ್ತಿತ್ತು.

‘ನೋಡಣ ಅಪ್ಪ, ದೀಪಾವಳಿಗೆ ಬಂದಾಗ ಕೂತು ಮಾತಾಡಣ’ ಅಂದೆ.

ದೀಪಾವಳಿಗೆ ರಿಲೀಸ್ ಇತ್ತು. ಸಂಕ್ರಾಂತಿಗೆ ಹೋದೆ, ಮನೆ ತುಂಬ ನೆಂಟರಿದ್ದರು. ಆಮೇಲಿನ ಯುಗಾದಿಗೆ ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೇ ಮೂರು ವರ್ಷ ಹತ್ತಿರ ಬಂತು.

ಸೋಮಾರಿ ಅನ್ಕೋಬೇಡಿ ನನ್ನನ್ನ. ದಿನಕ್ಕೆ ಹನ್ನೊಂದು ಗಂಟೆ ಕೆಲಸ ಮಾಡೋನು ನಾನು. ನಮ್ಮ ಟೀಮಿನಲ್ಲಿ ಯಾವ ಟಿಕೆಟ್ಟೂ ನನ್ನಿಂದಾಗಿ ಮುಂದಿನ ಸ್ಪ್ರಿಂಟ್‌ಗೆ ಹೋಗಲ್ಲ. ಟು-ಡೂ ಆಪ್ ಐದಾರು ಬದಲಾಯಿಸಿದ್ದೀನಿ, ಟೊಮ್ಯಾಟೋ ಹಣ್ಣಿನ ಆಕಾರದ ಟೈಮರ್ ತಂದು ಟೇಬಲ್ ಮೇಲಿಟ್ಟಿದ್ದೀನಿ. ಆದರೆ ಯಾವ ಆಪ್‌ನಲ್ಲೂ ‘ಅಪ್ಪನಿಗೆ ಉತ್ತರ ಹೇಳೋದು’ ಅನ್ನೋ ಸಾಲು ಬರೆಯಲಿಲ್ಲ. ಬರೆದಿದ್ದರೆ ಅದು ದಿನಾ ಕಣ್ಣಿಗೆ ಬೀಳುತ್ತಿತ್ತಲ್ಲ.

ಮೆಟ್ರೋದಲ್ಲಿ ಆಫೀಸಿಗೆ ಹೋಗೋವಾಗ ನಾನು ಗೀತೆಯ ಪ್ರವಚನ ಕೇಳ್ತೀನಿ. ಭಕ್ತಿ ಅಂತ ದೊಡ್ಡದಾಗಿ ಹೇಳಿಕೊಳ್ಳೋ ಹಾಗಿಲ್ಲ, ನಿದ್ದೆ ಬರದಿರಲಿ ಅಂತ ಶುರು ಮಾಡಿದ್ದು. ಒಂದಿನ ಹದಿನೆಂಟನೇ ಅಧ್ಯಾಯ ಬಂತು. ಅದರಲ್ಲಿ ಕೃಷ್ಣ ಕೆಲಸ ಮಾಡುವವರನ್ನು ಸಾತ್ವಿಕ, ರಾಜಸ, ತಾಮಸ ಅಂತ ಮೂರು ಬಗೆಯಾಗಿ ವಿಂಗಡಿಸುತ್ತಾನೆ. 28ನೇ ಶ್ಲೋಕ ತಾಮಸ ಕರ್ತನ ಪಟ್ಟಿ. ಆ ಪಟ್ಟಿಯಲ್ಲಿ ‘ಅಲಸ’ ಅನ್ನೋ ಪದ ಇದೆ, ಅಂದರೆ ಸೋಮಾರಿ. ಅದಾದ ಮೇಲೆ ‘ವಿಷಾದೀ’, ಸದಾ ಮನಸ್ಸು ಕುಸಿದವನು. ಅದರ ಹಿಂದೆಯೇ, ಪಟ್ಟಿಯ ಕೊನೆಗೆ, ‘ದೀರ್ಘಸೂತ್ರೀ’. ದಾರವನ್ನು ಉದ್ದಕ್ಕೆ ಎಳೆಯುತ್ತಲೇ ಹೋಗುವವನು.

ಅಲ್ಲಿ ನಾನು ಪಾಸ್ ಮಾಡಿ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಸೋಮಾರಿ ಬೇರೆ, ದೀರ್ಘಸೂತ್ರಿ ಬೇರೆ! ನಾವು ಇಷ್ಟು ದಿನ ಎರಡನ್ನೂ ಒಂದೇ ಅಂದುಕೊಂಡು, ‘ನಾನು ಸೋಮಾರಿ ಅಲ್ಲ, ಆದ್ದರಿಂದ ನನಗೇನೂ ತೊಂದರೆ ಇಲ್ಲ’ ಅಂತ ತೀರ್ಪು ಕೊಟ್ಟುಕೊಂಡಿದ್ದೆವು. ಗೀತೆ ಎರಡಕ್ಕೂ ಬೇರೆ ಬೇರೆ ಪದ ಇಟ್ಟಿದೆ. ದುಡಿದು ಸುಸ್ತಾಗುವ ಮನುಷ್ಯನೂ ದೀರ್ಘಸೂತ್ರಿ ಆಗಬಹುದು. ಎಷ್ಟೋ ಸಲ ನಾವು ದುಡಿಯೋದೇ ಆ ಒಂದು ಕೆಲಸ ಮಾಡದೆ ಇರೋಕೆ.

ಮನೆಗೆ ಬಂದು ಭಾಷ್ಯಗಳನ್ನು ಹುಡುಕಿದೆ. ಶಂಕರಾಚಾರ್ಯರು ಈ ಪದಕ್ಕೆ ಕೊಡುವ ವಿವರಣೆ ನಮ್ಮ ಸ್ಟ್ಯಾಂಡಪ್ ಮೀಟಿಂಗ್ ನೋಡಿ ಬರೆದ ಹಾಗಿದೆ: ಇವತ್ತೋ ನಾಳೆಯೋ ಮಾಡಬೇಕಾದ್ದನ್ನು ಒಂದು ತಿಂಗಳಾದರೂ ಮಾಡದವನು ಅಂತ. ನಕ್ಕುಬಿಟ್ಟೆ. ರಾಮಾನುಜರದ್ದು ಓದಿದ ಮೇಲೆ ನಗು ಬರಲಿಲ್ಲ. ಅವರು ಅದೇ ಪದವನ್ನು ಬೇರೆಯೇ ಥರ ಓದುತ್ತಾರೆ, ಬೇರೆಯವರಿಗೆ ಬಹುಕಾಲ ಉಳಿಯುವ ಕೇಡನ್ನು ಚಿಂತಿಸುವವನು ಅಂತ. ಮಾಟ ಮಾಡಿಸುವವರ ಸಾಲಿಗೆ ಸೇರಿಸುತ್ತಾರೆ. ಮೊದಲಿಗೆ ಇದು ಎಲ್ಲಿಂದೆಲ್ಲಿಗೋ ಎಳೆದ ಅರ್ಥ ಅನ್ನಿಸಿತು. ಆದರೆ ಪಟ್ಟಿಯನ್ನು ಇನ್ನೊಂದ್ಸಲ ನೋಡಿ. ಅಲಸನಿಗಿಂತ ಮುಂಚೆ ಇರೋದು ‘ಶಠ’, ಒಳಗೊಂದು ಇಟ್ಟುಕೊಂಡು ಹೊರಗೊಂದು ತೋರಿಸುವವನು. ಅವನ ಪಕ್ಕದಲ್ಲೇ ಇನ್ನೊಬ್ಬರ ಬದುಕಿಗೆ ಕಲ್ಲು ಹಾಕುವವನು. ಮುಂದೂಡುವವನನ್ನು ಕೃಷ್ಣ ತಂದು ಕೂರಿಸಿದ್ದು ಇಂಥವರ ಜೊತೆ. ಇವತ್ತಿನ ಮೋಟಿವೇಶನ್ ಭಾಷಣಕಾರರು ಕೃಷ್ಣನನ್ನು ಟೈಮ್ ಮ್ಯಾನೇಜ್‌ಮೆಂಟ್ ಹೇಳಿಕೊಡುವ ಕೋಚ್ ಮಾಡಿಬಿಟ್ಟಿದ್ದಾರೆ. ಮುಂದೂಡಿದರೆ ನಿಮ್ಮ ಕೆರಿಯರ್ ಹಾಳು, ನಿಮ್ಮ ಗುರಿ ಹಾಳು. ಎಲ್ಲ ‘ನಿಮ್ಮ’. ನಾನು ಮುಂದೂಡಿದಾಗ ಹಾಳಾಗುವುದು ಯಾರದ್ದು ಅನ್ನೋ ಪ್ರಶ್ನೆಯನ್ನು ಅವರು ಕೇಳಿದ್ದು ನಾನಂತೂ ನೋಡಿಲ್ಲ.

ಆದರೂ ನನ್ನ ಹತ್ರ ಒಂದು ವಾದ ಇತ್ತು. ಅದೂ ಮಹಾಭಾರತದಿಂದಲೇ ಎತ್ತಿಕೊಂಡದ್ದು.

ಶಾಂತಿಪರ್ವದಲ್ಲಿ ಭೀಷ್ಮ ಶರಶಯ್ಯೆಯ ಮೇಲೆ ಮಲಗಿ ಧರ್ಮರಾಯನಿಗೆ ಕತೆಗಳನ್ನು ಹೇಳುತ್ತಾನಲ್ಲ, ಅದರಲ್ಲಿ ಮೂರು ಮೀನುಗಳ ಕತೆ ಬರುತ್ತೆ. ಪಂಚತಂತ್ರದಲ್ಲೂ ಇದೆ, ನೀವು ಕೇಳಿರ್ತೀರಿ. ಬೆಸ್ತರು ಕೆರೆಯ ನೀರು ಬಸಿಯೋಕೆ ಶುರು ಮಾಡ್ತಾರೆ. ಒಂದು ಮೀನು ಮುಂಚೆಯೇ ಸುಳಿವು ಹಿಡಿದು ಕಾಲುವೆಯಲ್ಲಿ ಹೊರಟು ಹೋಗುತ್ತೆ. ಇನ್ನೊಂದು, ಸಿಕ್ಕಿಬಿದ್ದ ಮೇಲೆ ಉಪಾಯ ಮಾಡಿ, ಪೋಣಿಸಿದ ಹಾಗೆ ಹಗ್ಗ ಕಚ್ಚಿಕೊಂಡಿದ್ದು, ಬೆಸ್ತರು ಆಳದ ನೀರಲ್ಲಿ ಅದ್ದಿ ತೊಳೆಯೋವಾಗ ಬಾಯಿ ಬಿಟ್ಟು ತಪ್ಪಿಸಿಕೊಳ್ಳುತ್ತೆ. ಅವಸರ ಏನಿದೆ ಅಂದ ಮೂರನೇದು ಸಾಯುತ್ತೆ. ಅದರ ಹೆಸರೇ ದೀರ್ಘಸೂತ್ರ.

ಇದೇ ಭೀಷ್ಮ ಅದೇ ಶಾಂತಿಪರ್ವದಲ್ಲಿ ಮುಂದೆ ಚಿರಕಾರಿಯ ಕತೆಯನ್ನೂ ಹೇಳುತ್ತಾನೆ. ಇದನ್ನು ಅಷ್ಟು ಜನ ಕೇಳಿರಲಿಕ್ಕಿಲ್ಲ. ಗೌತಮ ಮುನಿಯ ಮಗ, ಏನು ಮಾಡೋಕೂ ತುಂಬ ಹೊತ್ತು ಯೋಚಿಸುತ್ತಿದ್ದ, ಅದಕ್ಕೇ ಚಿರಕಾರಿ ಅಂತ ಹೆಸರು. ಊರವರು ದಡ್ಡ, ಸೋಮಾರಿ ಅನ್ನುತ್ತಿದ್ದರು. ಒಂದಿನ ಗೌತಮ ತನ್ನ ಹೆಂಡತಿಯ ಮೇಲೆ ಕೋಪದಲ್ಲಿ, ‘ನಿನ್ನ ತಾಯಿಯನ್ನು ಕೊಲ್ಲು’ ಅಂತ ಮಗನಿಗೆ ಹೇಳಿ ಕಾಡಿಗೆ ಹೊರಟುಹೋದ. ಚಿರಕಾರಿ ಆಯುಧ ಹಿಡಿದು ನಿಂತು ಯೋಚಿಸಿದ. ತಂದೆಯ ಮಾತು ಮೀರೋದು ಅಧರ್ಮ, ತಾಯಿಯನ್ನು ಕೊಲ್ಲೋದು ಅದಕ್ಕಿಂತ ದೊಡ್ಡ ಅಧರ್ಮ. ತಂದೆ ಅಂದರೇನು, ತಾಯಿ ಅಂದರೇನು, ನಡೆದದ್ದರಲ್ಲಿ ತಪ್ಪು ಯಾರದ್ದು, ಹೆಣ್ಣಿನದೋ ಗಂಡಿನದೋ? ಬಹಳ ಹೊತ್ತು ಹೀಗೇ ತೂಗಿದ. ಅಷ್ಟರಲ್ಲಿ ಕಾಡಲ್ಲಿ ಗೌತಮನಿಗೆ ಕೋಪ ಇಳಿದು, ಅಯ್ಯೋ ಎಂಥಾ ಕೆಲಸ ಹೇಳಿಬಿಟ್ಟೆ, ಈವತ್ತೊಂದಿನ ನನ್ನ ಮಗ ತನ್ನ ಹೆಸರಿಗೆ ತಕ್ಕ ಹಾಗೆ ನಿಧಾನ ಮಾಡಿರಲಪ್ಪ ಅಂತ ಅಳುತ್ತಾ ಓಡಿ ಬಂದ. ತಾಯಿ ಬದುಕಿದ್ದಳು. ಮಗನನ್ನು ತಬ್ಬಿಕೊಂಡ.

ಒಂದೇ ಪರ್ವದಲ್ಲಿ ನಿಧಾನಿಸಿದ ಮೀನು ಸತ್ತಿತು, ನಿಧಾನಿಸಿದ ಮಗ ತಾಯಿಯನ್ನು ಉಳಿಸಿದ. ಹಾಗಾದರೆ ನಿಧಾನ ತಪ್ಪೋ ಸರಿಯೋ? ನಾನು ಮೂರು ವರ್ಷ ನನಗೆ ಹೇಳಿಕೊಂಡ ಉತ್ತರ ಸುಲಭದ್ದು: ನಾನು ಚಿರಕಾರಿ. ಇದು ತೋಟದ ವಿಷಯ, ಮೂರು ತಲೆಮಾರಿನ ವಿಷಯ, ಯೋಚಿಸದೆ ಹೇಳೋಕಾಗುತ್ತಾ?

ಈ ಉತ್ತರ ಎಲ್ಲಿ ಹರಿಯಿತು ಅಂತ ಹೇಳಬೇಕಾದರೆ ನಮ್ಮನೆ ಅಟ್ಟದ ವಿಷಯ ಹೇಳಬೇಕು. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡೋದು ಗೊತ್ತಲ್ಲ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕ್ತಾರೆ. ಹತ್ತು ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟಲ್ಲ. ಒಳಗೆ ನೀರು ಇಂಗುತ್ತಾ ಇಂಗುತ್ತಾ ತಿರುಳು ಒಣಗಿ ಚಿಪ್ಪು ಬಿಡುತ್ತೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ, ಆಗ ಕೊಬ್ಬರಿ ಆಯಿತು ಅಂತ ಲೆಕ್ಕ. ಅವಸರ ಮಾಡಿ ಒಡೆದರೆ ಹಾಳು. ಕಾಯೋದೇ ಅಲ್ಲಿ ಕೆಲಸ. ಆದರೆ ಅದೇ ಅಟ್ಟದಲ್ಲಿ, ಅದೇ ಹನ್ನೊಂದು ತಿಂಗಳು, ಪಕ್ಕಪಕ್ಕದಲ್ಲೇ ಕೂತ ಕೆಲವು ಕಾಯಿ ಒಳಗೇ ಕೊಳೆತಿರುತ್ತವೆ. ಹೊರಗಿನಿಂದ ಎರಡೂ ಒಂದೇ ಬಣ್ಣ. ಎತ್ತಿ ಅಲ್ಲಾಡಿಸೋವರೆಗೆ ಯಾವುದು ಕೊಬ್ಬರಿ, ಯಾವುದು ಕೊಳೆತದ್ದು ಅಂತ ಹೇಳೋಕೆ ಬರಲ್ಲ.

ನನ್ನನ್ನು ಹಾಗೆ ಎತ್ತಿ ಅಲ್ಲಾಡಿಸಿದ್ದು ಸತ್ಯನಾರಾಯಣನ ಪೂಜೆ.

2025ರ ಫೆಬ್ರವರಿಯಲ್ಲಿ ನಮ್ಮ ಫ್ಲ್ಯಾಟಿನ ಗೃಹಪ್ರವೇಶ ಆಯ್ತು. ಹೌದು, ನಾನು ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡಿದ್ದೆ. ಇಷ್ಟು ಹೊತ್ತು ಆ ವಿಷಯ ನಿಮಗೆ ಹೇಳಿರಲಿಲ್ಲ ಅಲ್ವಾ? ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಕತೆಯಲ್ಲೂ ಅದು ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಲೋನ್. ಅಪ್ಪ ಅಮ್ಮ ಹಿಂದಿನ ದಿನವೇ ಬಾಳೆ ಕಂದು, ಮಾವಿನ ಸೊಪ್ಪು, ಎಳನೀರು ಎಲ್ಲ ಹೊತ್ತು ಬಂದಿದ್ದರು. ಹಾಲುಕ್ಕಿಸಿ, ಹೋಮ ಮುಗಿಸಿ, ಸತ್ಯನಾರಾಯಣ ಪೂಜೆಗೆ ಕೂತೆವು.

ನೀವೂ ಎಷ್ಟೋ ಸಲ ಈ ಕತೆ ಕೇಳಿರ್ತೀರಿ. ಕೇಳಿರ್ತೀರಿ ಅಂದರೆ, ಸಪಾದದ ಸಜ್ಜಿಗೆ ಯಾವಾಗ ಬರುತ್ತೆ ಅಂತ ಕಾಯುತ್ತಾ ಕೂತಿರ್ತೀರಿ. ನಾನೂ ಅಷ್ಟೇ. ಆ ದಿನ ಮಾತ್ರ ಯಜಮಾನನ ಜಾಗದಲ್ಲಿ ಮಣೆ ಮೇಲೆ ಕೂತಿದ್ದರಿಂದ ಕೇಳಲೇಬೇಕಾಯಿತು. ಸಾಧು ಅನ್ನೋ ವ್ಯಾಪಾರಿಗೆ ಮಕ್ಕಳಿರಲ್ಲ. ಮಗು ಹುಟ್ಟಿದರೆ ವ್ರತ ಮಾಡ್ತೀನಿ ಅಂತ ಹರಸಿಕೊಳ್ಳುತ್ತಾನೆ. ಕಲಾವತಿ ಹುಟ್ಟುತ್ತಾಳೆ. ಹೆಂಡತಿ ಲೀಲಾವತಿ ನೆನಪಿಸಿದರೆ, ‘ಮಗಳ ಮದುವೆ ಹೊತ್ತಿಗೆ ಮಾಡಿದರಾಯ್ತು’ ಅನ್ನುತ್ತಾನೆ. ಮದುವೆ ಹೊತ್ತಿಗೆ ಮರೆತೇಹೋಗುತ್ತಾನೆ. ಆಮೇಲೆ ದೇವರ ಕೋಪ, ಮಾಡದ ಕಳ್ಳತನದ ಆರೋಪ, ಅಳಿಯನ ಸಮೇತ ಸೆರೆಮನೆ. ಮನೆಯಲ್ಲಿ ಉಳಿದ ಹೆಂಡತಿ ಮಗಳು ಹೊಟ್ಟೆಗಿಲ್ಲದೆ ಅಲೆಯುತ್ತಾರೆ.

ಚಿಕ್ಕವನಿದ್ದಾಗ ಈ ದೇವರ ಮೇಲೆ ನನಗೆ ಸಿಟ್ಟಿತ್ತು. ಒಂದು ಪೂಜೆ ಮರೆತದ್ದಕ್ಕೆ ಇಷ್ಟಾ? ಈಗಲೂ ಆ ಕೋಪ ನನಗೆ ಪೂರ್ತಿ ಒಪ್ಪಿಗೆಯಾಗಲ್ಲ. ಆದರೆ ಅವತ್ತು ಹೊಗೆಯ ನಡುವೆ ಕೂತಾಗ ಕಿವಿಗೆ ಬಿದ್ದದ್ದು ದೇವರ ಕೋಪ ಅಲ್ಲ. ಸಾಧು ಯಾವತ್ತೂ ‘ಮಾಡಲ್ಲ’ ಅಂದಿಲ್ಲ. ಅವನ ಹತ್ತಿರ ದುಡ್ಡಿತ್ತು, ಭಕ್ತಿಯೂ ಇದ್ದಿರಬೇಕು. ಅವನು ಪ್ರತಿ ಸಲವೂ ‘ಮಾಡ್ತೀನಿ, ಮುಂದಿನ ಶುಭಕಾರ್ಯಕ್ಕೆ’ ಅಂದ. ದೀಪಾವಳಿಗೆ ಬಂದಾಗ ಕೂತು ಮಾತಾಡಣ. ಮತ್ತೆ, ಅವನು ಸೆರೆಯಲ್ಲಿದ್ದಾಗ ಭಿಕ್ಷೆ ಬೇಡಿದ್ದು ಅವನಲ್ಲ, ಮನೆಯವರು. ತಲೆ ಎತ್ತಿ ನೋಡಿದೆ. ಅಪ್ಪ ಎದುರಿಗೆ ಕಂಬಳಿ ಮೇಲೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ಒಂದೊಂದು ಅಧ್ಯಾಯಕ್ಕೂ ಕೈಮುಗಿಯುತ್ತಿದ್ದ. ಅಪ್ಪನ ತೊಡೆಯ ಮೇಲೆ ಅವನ ಎರಡು ಅಂಗೈ, ಅದರಲ್ಲಿ ಕಾಯಿ ಸುಲಿದ ಕಪ್ಪು ಕಲೆ.

ಆ ಹೊತ್ತಿಗೆ ಚಿರಕಾರಿ ನನ್ನನ್ನು ಬಿಟ್ಟು ಹೋದ. ಚಿರಕಾರಿ ಯೋಚಿಸುತ್ತಿದ್ದ. ನಿಂತ ಅಷ್ಟು ಹೊತ್ತೂ ತೂಗುತ್ತಿದ್ದ, ಅಪ್ಪನ ಕಡೆ, ಅಮ್ಮನ ಕಡೆ. ನಾನು ಯೋಚಿಸಿ ಮುಗಿಸಿ ಎಷ್ಟೋ ದಿನವಾಗಿತ್ತು. ಫ್ಲ್ಯಾಟಿನ ಕಾಗದಕ್ಕೆ ಸಹಿ ಹಾಕಿದವನು ತೋಟಕ್ಕೆ ಬರುವವನಲ್ಲ ಅಂತ ನನಗೆ ಗೊತ್ತಿತ್ತು. ಮುಂದೂಡಿದ್ದು ನಿರ್ಧಾರವನ್ನಲ್ಲ, ಹೇಳುವುದನ್ನು. ಅದಕ್ಕೆ ಗೀತೆಯ ಪಟ್ಟಿಯಲ್ಲಿ ದೀರ್ಘಸೂತ್ರಿಗಿಂತ ಸರಿಯಾದ ಪದ ಇನ್ನೊಂದಿದೆ, ಆಗಲೇ ಹೇಳಿದೆನಲ್ಲ, ಶಠ.

ಯಾಕೆ ಹೇಳಲಿಲ್ಲ? ಅಪ್ಪನಿಗೆ ನೋವಾಗುತ್ತೆ ಅಂತ. ಇದು ನಿಜ, ಆದರೆ ಅರ್ಧ. ಅಪ್ಪನಿಗೆ ನೋವಾಗೋದನ್ನ ನಾನು ಎದುರಿಗೆ ಕೂತು ನೋಡಬೇಕಲ್ಲ ಅನ್ನೋದು ಉಳಿದರ್ಧ. ಕೆಲಸ ನಿನ್ನದು, ಫಲ ನಿನ್ನ ಕೈಲಿಲ್ಲ ಅನ್ನೋದನ್ನ ನಾವು ಅಪ್ರೈಸಲ್ ಸರಿಯಾಗಿ ಬರದಿದ್ದಾಗ ಸಮಾಧಾನಕ್ಕೆ ಹೇಳಿಕೊಳ್ತೀವಿ. ಇಲ್ಲಿ ಅದು ಬೇರೆ ಥರ ಕಚ್ಚುತ್ತೆ. ಯಾರಿಗೂ ನೋವಾಗದ, ಅಪ್ಪ ನಕ್ಕು ‘ಆಯ್ತು ಬಿಡು ಮಗ’ ಅನ್ನುವ ಒಂದು ಫಲ ಗ್ಯಾರಂಟಿ ಆಗೋವರೆಗೂ ನಾನು ಬಾಯಿ ಬಿಡಲ್ಲ ಅಂತ ಕೂತಿದ್ದೆ. ಅಂಥ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ. ಮಾತು ಮಾತ್ರ ನನ್ನದು, ಅಪ್ಪನ ಮುಖ ಹೇಗಾಗುತ್ತೆ ಅನ್ನೋದು ನನ್ನ ಕೈಲಿಲ್ಲ. (ಇದನ್ನೇ ಹಿಡಿದುಕೊಂಡು ಕಂಡಕಂಡವರಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ‘ಫಲ ನನ್ನ ಕೈಲಿಲ್ಲ’ ಅನ್ನುವವರನ್ನೂ ನೋಡಿದ್ದೀನಿ. ಗೀತೆ ಅವರಿಗೆ ಲೈಸೆನ್ಸ್ ಕೊಟ್ಟಿದೆ ಅಂತ ನನಗನ್ನಿಸಲ್ಲ.)

ಇನ್ನೊಂದು ವಿಷಯ ಆ ಮಣೆ ಮೇಲೇ ಹೊಳೆದದ್ದು. ಪೂಜೆ ಶುರುವಿನಲ್ಲಿ ಸಂಕಲ್ಪ ಮಾಡಿಸ್ತಾರಲ್ಲ. ಕೈಯಲ್ಲಿ ನೀರು ಅಕ್ಷತೆ ಹಿಡಿಸಿ, ಪುರೋಹಿತರು ಹೇಳಿಕೊಟ್ಟ ಹಾಗೆ ನಾವು ಗೊಣಗೋದು. ಯಾವ ಕಲ್ಪ, ಯಾವ ಮನ್ವಂತರ, ಯಾವ ದ್ವೀಪ, ಗೋದಾವರಿಯ ಯಾವ ದಂಡೆ. ಆಮೇಲೆ ಕ್ರೋಧಿ ಸಂವತ್ಸರ, ಉತ್ತರಾಯಣ, ಶಿಶಿರ ಋತು, ಮಾಘ ಮಾಸ, ಶುಕ್ಲ ಪಕ್ಷ, ತಿಥಿ, ವಾರ. ಆಮೇಲೆ ಗೋತ್ರ, ನಕ್ಷತ್ರ, ಹೆಸರು. ನಮ್ಮ ಗಿಟ್ ಕಮಿಟ್‌ನಲ್ಲಿ ಟೈಮ್‌ಸ್ಟ್ಯಾಂಪ್ ಮತ್ತು ಹೆಸರು ಬೀಳೋ ಹಾಗೆ, ಬ್ರಹ್ಮಾಂಡದಲ್ಲಿ ನಾನು ಎಲ್ಲಿ ಯಾವ ಕ್ಷಣದಲ್ಲಿ ಕೂತಿದ್ದೀನಿ ಅಂತ ಮೊದಲು ಹೇಳಬೇಕು. ಕೊನೆಯ ಪದ ‘ಕರಿಷ್ಯೇ’, ಮಾಡುತ್ತೇನೆ. ತಕ್ಷಣ ನೀರು ಬಿಡಬೇಕು. ನೀರು ತಟ್ಟೆಗೆ ಬಿದ್ದ ಮೇಲೆ ಎದ್ದು ಹೋಗೋ ಹಾಗಿಲ್ಲ, ಪೂಜೆ ಶುರುವಾಗಿಹೋಯ್ತು.

ಗೀತೆಯಲ್ಲೂ ಅರ್ಜುನ ಕೊನೆಗೆ ಹೇಳೋದು ಇದೇ ಪದ. ಮೊದಲನೇ ಅಧ್ಯಾಯದಲ್ಲಿ ಬಿಲ್ಲು ಕೆಳಗಿಟ್ಟು ಕೂತವನಿಗೆ ಕೃಷ್ಣ ಬರೀ ‘ಏಳು’ ಅಂತ ಹೇಳಿ ಸುಮ್ಮನಾಗಲ್ಲ. ಅವನ ಪ್ರಶ್ನೆಗಳನ್ನೆಲ್ಲ ಕೇಳುತ್ತಾನೆ, ಉತ್ತರಿಸುತ್ತಾನೆ, ಹದಿನೆಂಟನೇ ಅಧ್ಯಾಯದ 63ನೇ ಶ್ಲೋಕದಲ್ಲಿ, ಹೇಳಿದ್ದನ್ನೆಲ್ಲ ಪೂರ್ತಿ ವಿಮರ್ಶೆ ಮಾಡಿ ನಿನಗೆ ಹೇಗೆ ಬೇಕೋ ಹಾಗೆ ಮಾಡು ಅಂತಾನೆ. ದೀರ್ಘಸೂತ್ರಿಯನ್ನು ತಾಮಸ ಅಂದ ಅದೇ ಅಧ್ಯಾಯದಲ್ಲಿ ಯೋಚಿಸೋಕೆ ಬಿಡುವೂ ಇದೆ. ಹತ್ತು ಶ್ಲೋಕ ಕಳೆದು ಅರ್ಜುನ ‘ಕರಿಷ್ಯೇ’ ಅನ್ನುತ್ತಾನೆ. ‘ನೋಡಣ’ ಅನ್ನಲ್ಲ.

ಅವತ್ತು ರಾತ್ರಿ ನೆಂಟರೆಲ್ಲ ಹೋದ ಮೇಲೆ ಅಪ್ಪ ಬಾಲ್ಕನಿಯಲ್ಲಿ ಕೂತಿದ್ದ. ಒಂಬತ್ತನೇ ಮಹಡಿ. ಕೆಳಗೆ ರೋಡಿನಲ್ಲಿ ಗಾಡಿಗಳ ಲೈಟು. ಪಕ್ಕ ಹೋಗಿ ಕೂತೆ. ಮೂರು ವರ್ಷದಿಂದ ಮನಸ್ಸಲ್ಲೇ ತಿದ್ದಿ ತಿದ್ದಿ ಇಟ್ಟಿದ್ದ ಪೀಠಿಕೆ ಒಂದೂ ನೆನಪಾಗಲಿಲ್ಲ. ‘ಅಪ್ಪ, ನಾನು ತೋಟಕ್ಕೆ ಬರಲ್ಲ. ಮೊದಲೇ ಹೇಳ್ಬೇಕಿತ್ತು’ ಅಂದೆ.

ಅಪ್ಪ ಅಳಲಿಲ್ಲ, ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು, ‘ಈ ಮನೆ ಬುಕ್ ಮಾಡಿದ್ದು ಯಾವಾಗ?’

‘ಇಪ್ಪತ್ತಮೂರರ ಶ್ರಾವಣದಲ್ಲಿ.’

‘ಹೂಂ’ ಅಂದ. ಬೆರಳು ಮಡಚಿದ. ‘ಆ ಹುಡುಗ ಊರು ಬಿಟ್ಟಿದ್ದು ದಸರಾ ಕಳೆದ ಮೇಲೆ.’

ಅಷ್ಟೇ. ಎದ್ದು ಮಲಗೋಕೆ ಹೋದ.

ವಿಷಯ ಏನಂದರೆ, 2022ರಲ್ಲಿ ಆ ಹುಡುಗ ತೋಟ ಕೇಳಿದಾಗ ಅಪ್ಪ ‘ಮಗನ್ನ ಕೇಳಿ ಹೇಳ್ತೀನಿ ಇರಪ್ಪ’ ಅಂದಿದ್ದ. ಅವನು ಒಂದೂವರೆ ವರ್ಷ ಕಾದ. ತಿಂಗಳಿಗೊಂದು ಸಲ ಬಂದು ಕೂತು ಹೋಗುತ್ತಿದ್ದನಂತೆ, ಬಾಯಿಬಿಟ್ಟು ಕೇಳುತ್ತಿರಲಿಲ್ಲವಂತೆ. ಆಮೇಲೆ ಬೆಂಗಳೂರಿಗೆ ಬಂದು ಊಟ ತಲುಪಿಸುವ ಕೆಲಸ ಹಿಡಿದ. ನಾನು ಶ್ರಾವಣದಲ್ಲಿ ಸಹಿ ಹಾಕಿದ ಸಂಜೆಯೇ ಊರಿಗೆ ಒಂದು ಫೋನ್ ಮಾಡಿದ್ದರೆ, ಅವನಿಗೆ ದಸರಾಕ್ಕೆ ಮುಂಚೆ ತೋಟ ಸಿಗುತ್ತಿತ್ತು. ಎರಡು ತಿಂಗಳು. ನನ್ನ ನೋವು, ಅಪ್ಪನ ನೋವು ಅಂತ ನಾನು ತೂಗುತ್ತಿದ್ದ ತಕ್ಕಡಿಯಲ್ಲಿ ಅವನು ಎಲ್ಲೂ ಇರಲೇ ಇಲ್ಲ. ಈಗ ನಮ್ಮ ಅಪಾರ್ಟ್‌ಮೆಂಟಿನ ಗೇಟ್ ಹತ್ತಿರ ಮಳೆಯಲ್ಲಿ ನೆನೆಯುತ್ತಾ, ಸೆಕ್ಯುರಿಟಿ ಹತ್ತಿರ ಫ್ಲ್ಯಾಟ್ ನಂಬರ್ ಹೇಳುತ್ತಾ ನಿಂತ ಹುಡುಗರನ್ನು ನೋಡಿದಾಗಲೆಲ್ಲ ಹೆಲ್ಮೆಟ್ ಒಳಗಿನ ಮುಖ ಹುಡುಕ್ತೀನಿ. ಅವನಿರೋದು ಊರಿನ ಇನ್ನೊಂದು ಮೂಲೆಯಲ್ಲಿ ಅಂತ ಗೊತ್ತಿದ್ದೂ.

ಇದಾದ ಮೇಲೆ ನಾನು ಪೂರ್ತಿ ಬದಲಾಗಿದ್ದೀನಿ ಅಂದರೆ ನೀವು ನಂಬಬೇಡಿ. ಹಲ್ಲಿನ ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ. ಈ ಬರಹ ಶುರು ಮಾಡಿದ್ದು ಎರಡು ತಿಂಗಳ ಹಿಂದೆ. ಒಂದು ಅಭ್ಯಾಸ ಮಾತ್ರ ಹಿಡಿದಿದ್ದೀನಿ. ಯಾರಾದರೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಅಂತ ಗೊತ್ತಾದರೆ ‘ನೋಡಣ’ ಅಂತ ಬಾಯಿಗೆ ಬಂದಾಗ ಅಲ್ಲೇ ನಿಲ್ಲಿಸಿ, ತಿಥಿ ವಾರ ಹೇಳ್ತೀನಿ: ‘ಬರೋ ಗುರುವಾರ ಸಂಜೆ ಹೇಳ್ತೀನಿ.’ ಹೇಳೋಕೆ ಆಗದಿದ್ದರೆ, ನಾನು ಯೋಚಿಸುತ್ತಿಲ್ಲ, ಬಚ್ಚಿಟ್ಟುಕೊಂಡಿದ್ದೀನಿ ಅಂತ ಅರ್ಥ. ಆಗ ಆಗಲ್ಲ ಅಂತ ಅಲ್ಲೇ ಹೇಳಿಬಿಡೋದು. ಟೀಮಿನ ಹೊಸ ಹುಡುಗಿಯೊಬ್ಬಳು ಬೇರೆ ಪ್ರಾಜೆಕ್ಟಿಗೆ ಹೋಗಬೇಕು ಅಂತ ಕೇಳಿ ನಾಲ್ಕು ತಿಂಗಳಾಗಿತ್ತು, ನನ್ನ ಹತ್ತಿರವೇ ಕೂತಿತ್ತು ಆ ಮೇಲ್. ಅವತ್ತೇ ಆಗಲ್ಲ ಅಂದೆ. ಅವಳು ಸಿಟ್ಟಾದಳು. ಆದರೆ ಮಾರನೇ ವಾರದಿಂದ ಬೇರೆ ಕಡೆ ಇಂಟರ್‌ವ್ಯೂ ಕೊಡೋಕೆ ಶುರು ಮಾಡಿದಳು, ಅದನ್ನ ನಾನು ನೋಡದ ಹಾಗೆ ಇದ್ದೆ.

ಈ ಸಲ ಮುಂಗಾರು ಬಿದ್ದ ಮೇಲೆ ಅಪ್ಪ ಆಳು ಕರೆಸಿ ಮರ ಹೋದ ಜಾಗದಲ್ಲಿ ಗುಂಡಿ ತೆಗೆಸಿದ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಮೂವತ್ತೆಂಟು ಗುಂಡಿ, ಮೂವತ್ತೆಂಟು ಸಸಿ. ನಮ್ಮ ಕಡೆಯ ಎತ್ತರದ ತಳಿ, ಫಲ ಬಿಡೋಕೆ ಆರೇಳು ವರ್ಷ ಬೇಕು. ಅಪ್ಪನಿಗೀಗ ಅರವತ್ತೇಳು. ‘ಯಾರಿಗಪ್ಪ ಇದು?’ ಅಂತ ಫೋನಲ್ಲಿ ಕೇಳಿದೆ. ‘ಯಾರಿಗೋ. ಮಳೆ ಬಂತು, ಹಾಕ್ದೆ’ ಅಂದ. ಆಮೇಲೆ ತಾನೇ, ‘ಆ ಹುಡುಗನ್ನ ಒಂದ್ಸಲ ಕೇಳ್ನೋಡು’ ಅಂದ.

ಅವತ್ತೇ ರಾತ್ರಿ ಫೋನ್ ಮಾಡಿದೆ. ಎರಡು ಸಲ ಕಟ್ ಮಾಡಿದ, ಮೂರನೇ ಸಲ ಎತ್ತಿದ. ಹಿಂದೆ ಹಾರ್ನ್ ಸದ್ದು. ಎಲ್ಲ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ, ಶ್ರಾವಣ ದಸರಾ ಎಲ್ಲ. ತೋಟ ಈಗಲೂ ಇದೆ, ವಾರಕ್ಕೆ ಮಾಡೋದಾದರೆ ನಿನಗೇ, ಸಸಿ ಹಾಕಿದ್ದೂ ಆಗಿದೆ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೋಡ್ತೀನಿ ಅಣ್ಣ. ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಹೇಳ್ತೀನಿ’ ಅಂದ. ಆರ್ಡರ್ ಬಂತು ಅಂತ ಫೋನ್ ಇಟ್ಟ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಜೋರಾಗಿ ನಕ್ಕ. ಬಹಳ ದಿನದ ಮೇಲೆ ಅಪ್ಪನ ಆ ನಗು ಕೇಳಿದ್ದು.